ನಕ್ಷೆ ಬರುವಾಗ ನಾವು ಎದುರಿಗಿರಬೇಕು: ಪುಣೆಯ ಕನ್ನಡಿಗರಿಗೊಂದು ಬಹಿರಂಗ ಪತ್ರ

ಪುಣೆಯ ಕನ್ನಡಿಗ ಬಂಧುಗಳೇ,

ನಮಸ್ಕಾರ. ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಯಾವ ಜಾಗ ಮನೆಗೆ, ಯಾವುದು ರಸ್ತೆಗೆ, ಉದ್ಯಾನಕ್ಕೆ ಅಂತ ಹೇಳುವ ಯೋಜನೆಯ ನಕ್ಷೆಯ ಬಗ್ಗೆ ಈ ಪತ್ರ. ಇದು ಮುಖ್ಯವಾಗಿ ಧಾಯರಿ, ನರ್ಹೆ, ಆಂಬೇಗಾಂವ್, ನಾಂದೇಡ್, ಕಿರ್ಕಟವಾಡಿ, ಬಾವಧನ್, ಸೂಸ್, ಮ್ಹಾಳುಂಗೆ, ಉಂಡ್ರಿ, ಮಾಂಜ್ರಿ, ವಾಘೋಲಿ ಕಡೆ ಮನೆ ಮಾಡಿಕೊಂಡಿರುವವರಿಗೆ. ಕ್ಯಾಂಪ್, ಡೆಕ್ಕನ್, ಪೇಟೆಗಳ ಕಡೆ ಎರಡು ಮೂರು ತಲೆಮಾರಿನಿಂದ ಇರುವವರೂ ದಯವಿಟ್ಟು ಓದಿ. ಇದರ ಮರಾಠಿ ಪ್ರತಿಯನ್ನು ಪುಣೆ ಮಹಾನಗರಪಾಲಿಕೆಯ ಆಯುಕ್ತರಿಗೂ ಪಿಎಂಆರ್‌ಡಿಎಗೂ (ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಕಳಿಸುತ್ತಿದ್ದೇನೆ. ಅವರಿಗೆ ಹೇಳಬೇಕಾದ ಮಾತು ಕೊನೆಯಲ್ಲಿದೆ. ಮೊದಲು ನಮ್ಮ ನಮ್ಮಲ್ಲಿ ಮಾತಾಡಿಕೊಳ್ಳಬೇಕಾದದ್ದಿದೆ.

ನಾನು ಧಾಯರಿಯಲ್ಲಿದ್ದೇನೆ. ನಮ್ಮ ಸೊಸೈಟಿಯ ಲೆಕ್ಕ ನೋಡುವ ಕೆಲಸ ನನ್ನದು. ತಿಂಗಳ ಮೇಂಟೆನೆನ್ಸ್‌ನಲ್ಲಿ ದೊಡ್ಡ ಖರ್ಚು ಯಾವುದು ಅಂತ ಯಾರಾದರೂ ಕೇಳಿದರೆ ಲಿಫ್ಟೂ ಅಲ್ಲ, ಸೆಕ್ಯೂರಿಟಿಯೂ ಅಲ್ಲ, ನೀರಿನ ಟ್ಯಾಂಕರ್. ಬೇಸಿಗೆ ಬಂತೆಂದರೆ ಟ್ಯಾಂಕರ್‌ನವನಿಗೆ ಬೆಳಿಗ್ಗೆ ಬೆಳಿಗ್ಗೆ ಫೋನ್ ಮಾಡಿ ಬೇಡಿಕೊಳ್ಳಬೇಕು. ಖಡಕವಾಸ್ಲಾ ಅಣೆಕಟ್ಟು ನಮ್ಮಿಂದ ಗಾಡಿಯಲ್ಲಿ ಹೊರಟರೆ ಸ್ವಲ್ಪ ಹೊತ್ತಿನ ದಾರಿ. ಅದರ ಮೇಲ್ಗಡೆ ಪಾನಶೇತ್, ವರಸಗಾಂವ್, ಟೆಮಘರ್. ನಾಲ್ಕೂ ಸೇರಿದರೆ ಸುಮಾರು 29 ಟಿಎಂಸಿ ನೀರು ನಿಲ್ಲುತ್ತದೆ. ಇಡೀ ಪುಣೆಗೆ ಕುಡಿಯುವ ನೀರು ಹೋಗುವುದು ನಮ್ಮ ಪಕ್ಕದಿಂದಲೇ. ಆದರೂ ಅದೇ ಅಣೆಕಟ್ಟಿನ ಕೆಳಗಿನ ಹಳ್ಳಿಗಳು ಟ್ಯಾಂಕರ್ ಮತ್ತು ಬೋರ್‌ವೆಲ್ ನಂಬಿಕೊಂಡಿವೆ.

ಇದು ಹೇಗಾಯಿತು? ಇಲ್ಲಿ ಮನೆ ಮೊದಲು ಬರುತ್ತದೆ, ನಕ್ಷೆ ಆಮೇಲೆ ಬರುತ್ತದೆ. ನೀರು, ಚರಂಡಿ, ರಸ್ತೆ ಅದಕ್ಕಿಂತಲೂ ಆಮೇಲೆ.

ಸ್ವಲ್ಪ ಹಿಂದಿನದು ಹೇಳುತ್ತೇನೆ. 1997ರಲ್ಲಿ ಸುತ್ತಲಿನ ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದರು. 2017ರಲ್ಲಿ ಮತ್ತೆ 11 ಹಳ್ಳಿ ಸೇರಿದವು, ನಮ್ಮ ಧಾಯರಿ, ಆಂಬೇಗಾಂವ್, ಉಂಡ್ರಿ ಎಲ್ಲ ಆ ಕಂತಿನವು. 2021ರ ಜೂನ್ 30ರಂದು ಇನ್ನೂ 23 ಹಳ್ಳಿ. ಪುಣೆ ಪಾಲಿಕೆಯ ವಿಸ್ತೀರ್ಣ 500 ಚದರ ಕಿಲೋಮೀಟರ್ ದಾಟಿ, ಮುಂಬೈಯನ್ನೂ ಹಿಂದೆ ಹಾಕಿತು. ಪೇಪರಿನಲ್ಲಿ ದೊಡ್ಡದಾಗಿ ಬಂತು. ಆದರೆ ಆ 23 ಹಳ್ಳಿಗಳ ಯೋಜನೆ ಮಾಡುವ ಅಧಿಕಾರ ಪಾಲಿಕೆಗೆ ಸಿಗಲಿಲ್ಲ, ಪಿಎಂಆರ್‌ಡಿಎಗೆ ಹೋಯಿತು. ಕಟ್ಟಡಕ್ಕೆ ಪರವಾನಗಿ ಕೊಡುವವರು ಒಬ್ಬರು, ಕಸ ಎತ್ತಬೇಕಾದವರು, ನೀರು ಕೊಡಬೇಕಾದವರು ಇನ್ನೊಬ್ಬರು. ಪರವಾನಗಿಯ ಶುಲ್ಕ ಒಂದು ಕಡೆ, ಜನರ ತಾಪತ್ರಯ ಇನ್ನೊಂದು ಕಡೆ.

ಹಳ್ಳಿ ಪಾಲಿಕೆಗೆ ಸೇರಿದ ದಿನವೇ ಗ್ರಾಮ ಪಂಚಾಯ್ತಿ ಹೋಯಿತು. ಅದರ ಬದಲಿಗೆ ನಗರಸೇವಕರು, ಅಂದರೆ ಕಾರ್ಪೊರೇಟರ್‌ಗಳು, ಬರಬೇಕಿತ್ತಲ್ವಾ? 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಅದಾದ ಮೇಲೆ ಮೂರು ವರ್ಷಕ್ಕೂ ಮೀರಿ ಚುನಾವಣೆಯೇ ನಡೆಯಲಿಲ್ಲ, ಎಲ್ಲ ಆಡಳಿತಾಧಿಕಾರಿಯ ಕೈಯಲ್ಲಿ. ಅಷ್ಟು ವರ್ಷ ಆ ಹಳ್ಳಿಗಳ ಜನಕ್ಕೆ ಸರಪಂಚನೂ ಇಲ್ಲ, ನಗರಸೇವಕನೂ ಇಲ್ಲ. ನಲ್ಲಿ ಬರಲಿಲ್ಲ ಅಂದರೆ ಯಾರ ಮನೆ ಬಾಗಿಲು ತಟ್ಟಬೇಕು? ಸುಮ್ನೆ ಕ್ಷೇತ್ರೀಯ ಕಾರ್ಯಾಲಯದಲ್ಲಿ ಅರ್ಜಿ ಕೊಟ್ಟು ಸಿಕ್ಕಾ ಹಾಕಿಸಿಕೊಂಡು ಬರಬೇಕು. ಕಟ್ಟಡಗಳು ಮಾತ್ರ ಆ ಅವಧಿಯಲ್ಲಿ ಒಂದು ದಿನವೂ ನಿಲ್ಲಲಿಲ್ಲ.

ಇದರ ಬೆಲೆ ಏನು ಅಂತ 2025ರ ಜನವರಿಯಲ್ಲಿ ಗೊತ್ತಾಯಿತು. ಜಿಬಿಎಸ್, ಅಂದರೆ ಗಿಯಾನ್ ಬಾರೆ ಸಿಂಡ್ರೋಮ್, ಅನ್ನುವ ಕಾಯಿಲೆಯ ಹೆಸರನ್ನು ಅಲ್ಲಿಯವರೆಗೆ ನಮ್ಮಲ್ಲಿ ಬಹಳ ಜನ ಕೇಳಿರಲಿಲ್ಲ. ಮೊದಲು ವಾಂತಿ, ಭೇದಿ. ಕೆಲವು ದಿನಕ್ಕೆ ಕಾಲಲ್ಲಿ ಜೋಮು, ಆಮೇಲೆ ಎದ್ದು ನಿಲ್ಲಲೂ ಆಗುವುದಿಲ್ಲ. ಕೆಲವರನ್ನು ವೆಂಟಿಲೇಟರ್ ಮೇಲೆ ಇಡಬೇಕಾಯಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಪ್ರಕರಣ ಬಂದವು. ಅದರಲ್ಲಿ ಜಾಸ್ತಿ ಜನ ನಮ್ಮ ಸಿಂಹಗಡ ರಸ್ತೆಯ ಆಸುಪಾಸಿನವರು: ನಾಂದೇಡ್, ಕಿರ್ಕಟವಾಡಿ, ಧಾಯರಿ, ಖಡಕವಾಸ್ಲಾ. ರೋಗಿಗಳ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಜೆಜುನಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅದು ಹೊಲಸು ಬೆರೆತ ನೀರಿನಿಂದ, ಸರಿಯಾಗಿ ಬೇಯದ ಮಾಂಸದಿಂದ ಹರಡುತ್ತದೆ. ಆಗ ಎಲ್ಲರ ಕಣ್ಣು ನಾಂದೇಡ್‌ನ ಬಾವಿಯ ಮೇಲೆ ಬಿತ್ತು. ಆ ಹಳ್ಳಿಗಳಿಗೆ ಬಾವಿಯ ನೀರನ್ನು ಕ್ಲೋರಿನ್ ಹಾಕಿ ಹಾಗೇ ಬಿಡುತ್ತಿದ್ದರು. ಶುದ್ಧೀಕರಣ ಘಟಕವೇ ಇರಲಿಲ್ಲ.

ನಮ್ಮ ಪಕ್ಕದ ಬಿಲ್ಡಿಂಗ್‌ನಲ್ಲಿ ಆ ತಿಂಗಳು ತಾಯಂದಿರು ಮಕ್ಕಳಿಗೆ ಒಂದು ಲೋಟ ನೀರು ಕೊಡಲೂ ಹೆದರುತ್ತಿದ್ದರು. ಕಾಯಿಲೆ ಹೇಗೆ ಬಂತು ಅನ್ನುವುದು ಡಾಕ್ಟರರು ಹೇಳಬೇಕಾದ ವಿಷಯ. ಆದರೆ ಒಂದು ಮಾತನ್ನು ಯಾರು ಬೇಕಾದರೂ ಹೇಳಬಹುದು. ಹತ್ತಾರು ಮಹಡಿಯ ಕಟ್ಟಡಗಳಿಗೆ ಒಂದರ ಮೇಲೊಂದು ಮಂಜೂರಿ ಕೊಟ್ಟ ಕಡೆ, ಒಂದು ಶುದ್ಧೀಕರಣ ಘಟಕಕ್ಕೆ ಜಾಗವನ್ನೂ ಹಣವನ್ನೂ ಮೊದಲೇ ತೆಗೆದಿಡಬೇಕಿತ್ತು. ಅದು ಯೋಜನೆಯ ಕೆಲಸ. ಅದು ಆಗಿರಲಿಲ್ಲ.

ಫ್ಲ್ಯಾಟಿನ ಅಗ್ರಿಮೆಂಟನ್ನು ಒಮ್ಮೆ ತೆಗೆದು ನೋಡಿ. ಈ ಕಡೆಯ ಬಹಳಷ್ಟು ಅಗ್ರಿಮೆಂಟ್‌ಗಳಲ್ಲಿ ಒಂದು ಸಾಲು ಇರುತ್ತದೆ: ಪಾಲಿಕೆಯ ನೀರು ಬರುವವರೆಗೆ ನೀರಿನ ವ್ಯವಸ್ಥೆ ಬಿಲ್ಡರ್‌ನದು. ಪರವಾನಗಿ ತೆಗೆದುಕೊಳ್ಳುವಾಗ ಅವನು ಹಾಗಂತ ಹಮೀಪತ್ರ, ಅಂದರೆ ಮುಚ್ಚಳಿಕೆ, ಬರೆದುಕೊಟ್ಟಿರುತ್ತಾನೆ. ಸೊಸೈಟಿ ನೋಂದಣಿಯಾಗಿ ಲೆಕ್ಕಪತ್ರ ನಮ್ಮ ಕೈಗೆ ಬಂದ ದಿನದಿಂದ ಆ ಹಮೀಪತ್ರವನ್ನು ಕೇಳುವವರೇ ಇರುವುದಿಲ್ಲ. ನಮ್ಮ ಬಿಲ್ಡರ್ ಕೂಡ ಹಾಗೇ ಕೈ ತೊಳೆದುಕೊಂಡ. ಬಾಣೇರ್-ಬಾಲೇವಾಡಿಯಲ್ಲಿ ಇದೇ ಪರಿಸ್ಥಿತಿ ಬಂದಾಗ 2016ರಲ್ಲಿ ವಿಷಯ ಮುಂಬೈ ಹೈಕೋರ್ಟ್‌ವರೆಗೆ ಹೋಯಿತು. ಇರುವವರಿಗೇ ನೀರಿಲ್ಲದಿರುವಾಗ ಹೊಸ ಕಟ್ಟಡಕ್ಕೆ ಪರವಾನಗಿ ಹೇಗೆ ಕೊಡುತ್ತೀರಿ ಅನ್ನುವ ಪ್ರಶ್ನೆ ಅಲ್ಲಿ ಎದ್ದಿತು, ಕೆಲ ಕಾಲ ಹೊಸ ಪರವಾನಗಿಗಳಿಗೆ ತಡೆಯೂ ಬಿತ್ತು. ಆ ಪ್ರಶ್ನೆಯನ್ನು ಕೋರ್ಟಿಗೆ ಒಯ್ದವರು ಅಲ್ಲಿ ವಾಸ ಮಾಡುವವರ ಪರವಾಗಿ ನಿಂತವರು.

ನೀರು ಇಲ್ಲದ ತೊಂದರೆ ಒಂದಾದರೆ, ನೀರು ನುಗ್ಗುವ ತೊಂದರೆ ಇನ್ನೊಂದು. ಮಹಾರಾಷ್ಟ್ರದಲ್ಲಿ ನದಿಗಳಿಗೆ ಎರಡು ಗೆರೆ ಹಾಕುತ್ತಾರೆ. 25 ವರ್ಷಕ್ಕೊಮ್ಮೆ ಬರುವ ಪ್ರವಾಹ ಮುಟ್ಟುವ ಜಾಗಕ್ಕೆ ನೀಲಿ ಗೆರೆ, 100 ವರ್ಷಕ್ಕೊಮ್ಮೆ ಬರುವ ಪ್ರವಾಹದ ಜಾಗಕ್ಕೆ ಕೆಂಪು ಗೆರೆ. ನೀಲಿ ಗೆರೆಯ ಒಳಗೆ ಮನೆ ಕಟ್ಟುವ ಹಾಗಿಲ್ಲ. ಪಿಂಪ್ರಿ-ಚಿಂಚವಡದ ಚಿಖಲಿಯಲ್ಲಿ ಇಂದ್ರಾಯಣಿ ದಂಡೆಯ ಮೇಲೆ ಕಟ್ಟಿದ್ದ 36 ಬಂಗಲೆಗಳನ್ನು 2025ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿಯ ಆದೇಶದಂತೆ ಕೆಡವಿದರು. ಅಲ್ಲಿನ ಜನ ದುಡ್ಡು ಕೊಟ್ಟು ಪ್ಲಾಟ್ ತೆಗೆದುಕೊಂಡವರು, ಸಾಲ ಮಾಡಿ ಮನೆ ಕಟ್ಟಿದವರು. ನದಿಯನ್ನು ಉಳಿಸಬೇಕು, ಆ ಆದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಪ್ಲಾಟ್ ಮಾರಾಟವಾಗುವಾಗ, ಗೋಡೆ ಏಳುವಾಗ, ಕರೆಂಟ್ ಮೀಟರ್ ಕೂರಿಸುವಾಗ ಆ ಗೆರೆ ಯಾರ ಕಣ್ಣಿಗೂ ಬೀಳಲಿಲ್ಲವೇ? ಕೊನೆಗೆ ಬುಲ್ಡೋಜರ್ ಬಂದಾಗ ಮನೆ ಹೋದದ್ದು ಕೊಂಡವರದು ಮಾತ್ರ.

2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಬೆಳಗಿನ ಜಾವ ಮನೆಗಳೊಳಗೆ ನೀರು ನುಗ್ಗಿತು. ಜೋರು ಮಳೆ, ಜೊತೆಗೆ ಖಡಕವಾಸ್ಲಾದಿಂದ ಬಿಟ್ಟ ನೀರು. ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಅದಕ್ಕೂ ಮೊದಲು 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಉಕ್ಕಿತ್ತು. ಪುಣೆ ನಗರ ಮತ್ತು ಜಿಲ್ಲೆ ಸೇರಿ 20ಕ್ಕೂ ಹೆಚ್ಚು ಜನ ಆ ಮಳೆಯಲ್ಲಿ ಸತ್ತರು. ಕಾತ್ರಜ್ ಗುಡ್ಡದಿಂದ ಹೊರಟು, ಕಾತ್ರಜ್ ಕೆರೆ ದಾಟಿ, ಸಹಕಾರನಗರ, ದತ್ತವಾಡಿ ಕಡೆಯಿಂದ ಮುಠಾ ನದಿಗೆ ಸೇರುವ ಹಳ್ಳ ಅದು. ಬೇಸಿಗೆಯಲ್ಲಿ ನೋಡಿದರೆ ಕೊಳಚೆ ಚರಂಡಿ ಅನ್ನಿಸುತ್ತದೆ. ಅದರ ಮೇಲ್ಭಾಗದ ಗುಡ್ಡಗಳ ಸುತ್ತ ಇರುವ ಭಿಲಾರೆವಾಡಿ, ಮಾಂಗಡೆವಾಡಿ, ಗುಜರ್-ನಿಂಬಾಳ್ಕರ್‌ವಾಡಿ, ಎಲ್ಲ 2021ರಲ್ಲಿ ಸೇರಿದ ಹಳ್ಳಿಗಳು. ಅಲ್ಲಿ ಗುಡ್ಡ ಕಡಿದು ಸಮ ಮಾಡಿದರೆ ಮಳೆ ನೀರು ನಿಲ್ಲದೆ ಕೆಳಗೆ ಓಡುತ್ತದೆ, ಮಣ್ಣನ್ನೂ ಹೊತ್ತು ತರುತ್ತದೆ. ಮೇಲಿನ ಹಳ್ಳಿಯ ನಕ್ಷೆಯಲ್ಲಿ ಏನು ಬರೆಯುತ್ತಾರೆ ಅನ್ನುವುದರ ಮೇಲೆ ಸಹಕಾರನಗರದ ನೆಲಮಹಡಿಯವರ ಮಳೆಗಾಲ ನಿಂತಿದೆ. ಅದಕ್ಕೇ ಊರ ಮಧ್ಯದವರೂ ಓದಿ ಅಂದೆ.

ಗುಡ್ಡಗಳ ವಿಷಯದಲ್ಲಿ ಪುಣೆಯ ಮರಾಠಿ ಜನರನ್ನು ನಾನು ಮನಸಾರೆ ಮೆಚ್ಚುತ್ತೇನೆ. ವೇತಾಳ ಟೇಕಡಿ, ಹನುಮಾನ್ ಟೇಕಡಿ ಅಂದರೆ ಅವರಿಗೆ ಪ್ರಾಣ. 1997ರಲ್ಲಿ ಸೇರಿದ ಹಳ್ಳಿಗಳ ಗುಡ್ಡಗಳಲ್ಲಿ ಸುಮಾರು 976 ಹೆಕ್ಟೇರ್ ಜಾಗವನ್ನು ಜೀವವೈವಿಧ್ಯ ಉದ್ಯಾನಕ್ಕೆ, ಬಿಡಿಪಿಗೆ, ಮೀಸಲಿಡಬೇಕು ಅಂತ ವರ್ಷಗಟ್ಟಲೆ ಹೋರಾಡಿದರು. ಅಲ್ಲಿ 4 ಶೇಕಡಾ ಕಟ್ಟಲು ಬಿಡಿ ಅನ್ನುವ ಒತ್ತಡವೂ ಇತ್ತು. ಕೊನೆಗೆ 2015ರಲ್ಲಿ ಸರ್ಕಾರ ಮೀಸಲಾತಿಯನ್ನು ಉಳಿಸಿತು. ಬೆಳಿಗ್ಗೆ ನಮ್ಮಲ್ಲೂ ಎಷ್ಟೋ ಜನ ಅದೇ ಟೇಕಡಿ ಹತ್ತಿ ಇಳಿಯುತ್ತೇವೆ. ಸಹಿ ಸಂಗ್ರಹದ ಮೇಜಿನ ಮುಂದೆ ಮಾತ್ರ "ನಾವು ಹೊರಗಿನವರು, ನಮಗ್ಯಾಕೆ" ಅಂತ ಮುಂದೆ ಹೋಗುತ್ತೇವೆ.

ಈ ಮಾತಿನ ಬಗ್ಗೆಯೇ ನನಗೆ ಬಹಳ ಬೇಸರ. ನಾವು ಇಲ್ಲಿ ಆಸ್ತಿ ತೆರಿಗೆ ಕಟ್ಟುತ್ತೇವೆ. ಮತದಾರರ ಪಟ್ಟಿಯಲ್ಲಿ ಹೆಸರಿದೆ. ಮಕ್ಕಳು ಇಲ್ಲೇ ಹುಟ್ಟಿ ನಮಗಿಂತ ಚೆನ್ನಾಗಿ ಮರಾಠಿ ಮಾತಾಡುತ್ತಾರೆ. ಹೋಟೆಲ್, ಬ್ಯಾಂಕು, ಐಟಿ ಕಂಪನಿ, ಆಸ್ಪತ್ರೆ, ಎಲ್ಲ ಕಡೆ ನಮ್ಮವರಿದ್ದಾರೆ. ಕನ್ನಡ ಸಂಘ ಇಲ್ಲಿ ಶಾಲೆ ಕಾಲೇಜು ಕಟ್ಟಿ ನಡೆಸುತ್ತಿದೆ. ರಾಜ್ಯೋತ್ಸವಕ್ಕೆ ಸಭಾಂಗಣ ತುಂಬುತ್ತದೆ. ಹೀಗಿರುವಾಗ ನಮ್ಮ ಮನೆ ಮುಂದಿನ ಹಳ್ಳ ಎಲ್ಲಿ ಹರಿಯಬೇಕು ಅನ್ನುವ ಮಾತಿಗೆ ನಾವು ಹೇಗೆ ಹೊರಗಿನವರಾಗುತ್ತೇವೆ?

ಇನ್ನೊಂದು ವರ್ಗದ ಕನ್ನಡಿಗರಿದ್ದಾರೆ. ಅವರು ಸಭಾಂಗಣಕ್ಕೆ ಬರುವುದಿಲ್ಲ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದು ಈ ಕಟ್ಟಡಗಳನ್ನು ಕಟ್ಟುವವರು. ಅಕ್ಕಲಕೋಟೆ, ಜತ್ತದ ಕಡೆಯಿಂದ ಬಂದು ಮನೆಗೆಲಸ ಮಾಡುವವರು, ರಿಕ್ಷಾ ಓಡಿಸುವವರು. ಸೈಟಿನ ತಗಡಿನ ಶೆಡ್ಡುಗಳಲ್ಲಿ ಸಂಜೆ ಹೊತ್ತು ಕನ್ನಡ ಕೇಳುತ್ತದೆ. 2019ರ ಜೂನ್ ಕೊನೆಯಲ್ಲಿ ಕೋಂಢ್ವಾದಲ್ಲಿ ಸೊಸೈಟಿಯ ಗೋಡೆ ಇಂಥ ಶೆಡ್ಡುಗಳ ಮೇಲೆ ಬಿದ್ದು 15 ಜನ ಸತ್ತರು. ಅವರು ಬಿಹಾರದ ಕಡೆಯವರು. ಆ ಜಾಗದಲ್ಲಿ ನಮ್ಮ ಕಡೆಯವರಿದ್ದರೂ ಅದೇ ಆಗುತ್ತಿತ್ತು. ಸ್ವಲ್ಪ ದುಡ್ಡು ಕೂಡಿಸಿದವರು ಅರ್ಧ ಗುಂಟೆ, ಒಂದು ಗುಂಟೆ ಜಾಗ ತೆಗೆದುಕೊಳ್ಳುತ್ತಾರೆ. ಗುಂಟೆ ಅಂದರೆ 1,089 ಚದರಡಿ. ಸಾತ್‌ಬಾರಾದಲ್ಲಿ (ನಮ್ಮ ಕಡೆಯ ಪಹಣಿ) ಹೆಸರು ಏರುವುದಿಲ್ಲ, ರಸ್ತೆ ಇರುವುದಿಲ್ಲ, ನೋಟರಿ ಕಾಗದವೇ ಆಧಾರ. ಇಂಥ ಗುಂಠೇವಾರಿ ಮನೆಗಳನ್ನು ಸಕ್ರಮ ಮಾಡಲು 2001ರಲ್ಲೇ ಕಾಯ್ದೆ ಬಂದಿದೆ. ಆದರೂ ಹೊಸ ಗುಂಠೇವಾರಿ ಹುಟ್ಟುತ್ತಲೇ ಇದೆ, ಯಾಕೆಂದರೆ ಕೂಲಿ ಮಾಡುವವನಿಗೆ ಕೈಗೆಟುಕುವ ಮನೆಗೆ ನಮ್ಮ ನಕ್ಷೆಗಳಲ್ಲಿ ಜಾಗವೇ ಸಿಗುವುದಿಲ್ಲ. ನಮ್ಮ ಮನೆಗೆ ಬರುವ ಅಕ್ಕನ ಮನೆಯೂ ನಾವು ಕೇಳಬೇಕಾದ ವಿಷಯಗಳಲ್ಲಿ ಸೇರಿದೆ. ಅವರ ಪರವಾಗಿ ಅರ್ಜಿ ಬರೆಯಲು ನಮಗೆ ಬರುತ್ತದೆ, ಅವರಲ್ಲಿ ಬಹಳಷ್ಟು ಜನಕ್ಕೆ ಬರುವುದಿಲ್ಲ.

ಹಿಂಜವಡಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಲ್ಲಿ ದಿನಾ ಟ್ರಾಫಿಕ್‌ನಲ್ಲಿ ಕೂರುವವರಿಗೆ ನಾನೇನು ಹೇಳಲಿ. ಐಟಿ ಪಾರ್ಕ್ ರಾಜ್ಯದ ಕೈಗಾರಿಕಾ ನಿಗಮ ಎಂಐಡಿಸಿಯದು, ಸುತ್ತಲಿನ ಊರು ಗ್ರಾಮ ಪಂಚಾಯ್ತಿಯದು, ಯೋಜನೆ ಪಿಎಂಆರ್‌ಡಿಎಯದು ಅಂತ ಹಂಚಿಹೋದರೆ ನೀರು ನಿಂತ ರಸ್ತೆಗೆ ಯಾರನ್ನು ಕೇಳುವುದು ಅನ್ನುವುದು ಅಲ್ಲಿಯ ಗೋಳು.

ಈಗ ಯಾಕೆ ಈ ಪತ್ರ ಅಂದರೆ, ಪಿಎಂಆರ್‌ಡಿಎ 2021ರ ಆಗಸ್ಟ್‌ನಲ್ಲಿ ಒಂದು ಕರಡು ಯೋಜನೆ ಪ್ರಕಟಿಸಿತ್ತು. ಅದಕ್ಕೆ 60 ಸಾವಿರಕ್ಕೂ ಹೆಚ್ಚು ಆಕ್ಷೇಪಣೆ, ಸೂಚನೆಗಳು ಬಂದವು. ವಿಚಾರಣೆ, ಕೋರ್ಟು ಅಂತ ವರ್ಷಗಳು ಹೋದವು. 2025ರಲ್ಲಿ ಸರ್ಕಾರ ಆ ಕರಡನ್ನೇ ರದ್ದು ಮಾಡಿತು. ಅಂದರೆ ಮತ್ತೆ ಮೊದಲಿನಿಂದ. ಹೊಸ ಕರಡು ಬಂದಾಗ ಕಾಯ್ದೆಯ ಪ್ರಕಾರ ಜನರಿಗೆ ಸಿಗುವುದು 30 ದಿನ. 1966ರ ಎಂಆರ್‌ಟಿಪಿ (ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನೆ) ಕಾಯ್ದೆಯ 26ನೇ ಕಲಮಿನಡಿ ಅಷ್ಟರಲ್ಲಿ ಬರಹದಲ್ಲಿ ಕೊಟ್ಟ ಆಕ್ಷೇಪಣೆ-ಸೂಚನೆಗಳನ್ನು ಯೋಜನಾ ಸಮಿತಿ ವಿಚಾರಣೆ ಮಾಡಬೇಕು, ಅರ್ಜಿದಾರನನ್ನು ಕರೆದು ಕೇಳಬೇಕು. ಆಮೇಲೆ ಅದು ರಾಜ್ಯ ಸರ್ಕಾರಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ನಮ್ಮಂಥವರಿಗೆ ಬಾಗಿಲು ಬಹಳ ಕಿರಿದಾಗುತ್ತದೆ.

ಆ 60 ಸಾವಿರದಲ್ಲಿ ಭೂಮಿ ಇದ್ದವರು, ಭೂಮಿ ಕೊಂಡಿಟ್ಟವರು ತಮ್ಮ ಜಮೀನಿನ ಗಟ್ ನಂಬರ್ ಹಿಡಿದು ಹೋಗಿಯೇ ಹೋಗುತ್ತಾರೆ. ನನ್ನ ಹೊಲದ ಮೇಲೆ ರಸ್ತೆ ಯಾಕೆ, ನನ್ನ ಜಾಗಕ್ಕೆ ಉದ್ಯಾನದ ಮೀಸಲು ಯಾಕೆ ಅಂತ ಕೇಳುತ್ತಾರೆ. ಅದು ಅವರ ಹಕ್ಕು, ರೈತರಿಗೆ ನ್ಯಾಯವಾದ ಪರಿಹಾರ ಸಿಗಲೇಬೇಕು. ಆದರೆ ಇಲ್ಲಿ ಉದ್ಯಾನ ಬೇಕು, ಶಾಲೆ ಬೇಕು, ಈ ಹಳ್ಳ ನಕ್ಷೆಯಲ್ಲಿ ಕಾಣೆಯಾಗಿದೆ ಅಂತ ಹೇಳಲು ಫ್ಲ್ಯಾಟಿನವರು ಯಾರೂ ಹೋಗದಿದ್ದರೆ ಸಮಿತಿಯ ಮುಂದೆ ಒಂದೇ ಕಡೆಯ ಮಾತು ಇರುತ್ತದೆ.

ನಕ್ಷೆ ಓದುವುದು ಕಷ್ಟವೇನಲ್ಲ. ಹಳದಿ ಅಂದರೆ ವಸತಿ. ಹಸಿರು ಅಂದರೆ ಉದ್ಯಾನ, ಗುಡ್ಡ, ಕೃಷಿ, ಯಾವುದು ಅಂತ ಪಕ್ಕದ ಸೂಚಿಯಲ್ಲಿ ನೋಡಿ. ಪ್ರತಿ ಮೀಸಲು ಜಾಗಕ್ಕೂ ಒಂದು ನಂಬರ್ ಇರುತ್ತದೆ. ನಿಮ್ಮ ಸೊಸೈಟಿಯ ಗಟ್ ನಂಬರ್ ಅಥವಾ ಸರ್ವೆ ನಂಬರ್ ಅಗ್ರಿಮೆಂಟಿನಲ್ಲೇ ಇದೆ. ಅದನ್ನು ಹಿಡಿದು ಸುತ್ತಮುತ್ತ ನೋಡಿ. ಮಳೆಗಾಲದಲ್ಲಿ ಎಲ್ಲಿ ನೀರು ಹರಿಯುತ್ತದೆ ಅಂತ ನಿಮಗೆ ಗೊತ್ತು, ಅದು ನಕ್ಷೆಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಫೋಟೋ ಹಚ್ಚಿ ಬರೆದುಕೊಡಿ. ನಿಮ್ಮ ಕಡೆ ಹಿಂದೆಯೇ ಮಂಜೂರಾದ ಯೋಜನೆ ಇದ್ದು, ಅದರಲ್ಲಿ ಶಾಲೆಗೋ ಉದ್ಯಾನಕ್ಕೋ ಜಾಗ ಮೀಸಲಿದ್ದರೆ ಅದಕ್ಕೆ ಎಷ್ಟು ವರ್ಷವಾಯಿತು ಅಂತಲೂ ನೋಡಿ. ಹತ್ತು ವರ್ಷದೊಳಗೆ ಸ್ವಾಧೀನ ಮಾಡಿಕೊಳ್ಳದಿದ್ದರೆ ಮಾಲೀಕ ಅದೇ ಕಾಯ್ದೆಯ 127ನೇ ಕಲಮಿನಡಿ ನೋಟಿಸ್ ಕೊಡಬಹುದು. ಆಮೇಲೂ ಪಾಲಿಕೆ ಗಡುವಿನೊಳಗೆ ಹೆಜ್ಜೆ ಇಡದಿದ್ದರೆ ಮೀಸಲಾತಿಯೇ ಬಿದ್ದುಹೋಗುತ್ತದೆ. ಹೀಗೆ ಕಳೆದುಹೋದ ಆಟದ ಮೈದಾನ ಮತ್ತೆ ಸಿಗುವುದಿಲ್ಲ.

ಇನ್ನು ಮಾನ್ಯ ಆಯುಕ್ತರಿಗೆ ಮತ್ತು ಪಿಎಂಆರ್‌ಡಿಎ ಅಧಿಕಾರಿಗಳಿಗೆ.

ಪುಣೆ ಬೆಳೆಯಬಾರದು ಅಂತ ನಾವು ಹೇಳುತ್ತಿಲ್ಲ. ನಾವೇ ಈ ಬೆಳವಣಿಗೆಯಿಂದ ಬಂದವರು. ನಾಳೆ ಬರುವವರಿಗೂ ಮನೆ ಬೇಕು. ನಾವು ಕೇಳುವುದು ಕ್ರಮ. ಕಟ್ಟಡಕ್ಕೆ ಪರವಾನಗಿ ಕೊಡುವ ಮೊದಲು ಅದರ ನೀರು ಯಾವ ಟಾಕಿಯಿಂದ, ಯಾವ ವರ್ಷದಿಂದ ಬರುತ್ತದೆ ಅಂತ ನೀವೇ ಬರೆದು ಪ್ರಕಟಿಸಿ. ಬಿಲ್ಡರ್‌ನ ಹಮೀಪತ್ರವನ್ನು ನೀರು ಅಂತ ಲೆಕ್ಕ ಹಿಡಿಯಬೇಡಿ. ನೀರು ಮತ್ತು ಡ್ರೈನೇಜ್ ಜೋಡಣೆ ಆಗದೆ ಒಸಿ (ವಾಸಯೋಗ್ಯ ಪ್ರಮಾಣಪತ್ರ) ಕೊಡಬೇಡಿ. ಹೊಸ ಕರಡು ಮಾಡುವಾಗ ಮೊದಲು ಓಢಾಗಳು, ಗುಡ್ಡದ ಇಳಿಜಾರುಗಳು, ನೀಲಿ-ಕೆಂಪು ಗೆರೆಗಳನ್ನು ನಕ್ಷೆಯ ಮೇಲೆ ಹಾಕಿ, ಆಮೇಲೆ ಹಳದಿ ಬಣ್ಣ ತುಂಬಿ. ದಿನಗೂಲಿಯವರ ಮನೆಗಳಿಗೆ ಊರಿಂದ ದೂರದ ಮೂಲೆಯಲ್ಲಲ್ಲ, ಕೆಲಸ ಇರುವ ಕಡೆಯೇ ಜಾಗ ಇಡಿ.

ಕರಡು ಪ್ರಕಟವಾದ ದಿನದಿಂದ ಪ್ರತಿ ಹಳ್ಳಿಯ ಹಳೇ ಪಂಚಾಯ್ತಿ ಕಚೇರಿಯಲ್ಲಿ ನಕ್ಷೆಯನ್ನು ಗಟ್ ನಂಬರ್ ಓದಲು ಬರುವಷ್ಟು ದೊಡ್ಡದಾಗಿ ಅಂಟಿಸಿ. ವಿವರಿಸಲು ಒಬ್ಬ ಸಿಬ್ಬಂದಿಯನ್ನು ಕೂರಿಸಿ. ವಿಚಾರಣೆಯನ್ನು ಕೆಲಸದ ದಿನ ಮಧ್ಯಾಹ್ನ ಊರ ಇನ್ನೊಂದು ತುದಿಯಲ್ಲಿ ಇಡಬೇಡಿ. ಹಳ್ಳಿಯಲ್ಲೇ, ಭಾನುವಾರ ಇಡಿ. ಜನ ಬರುತ್ತಾರೆ.

ಕನ್ನಡಿಗ ಬಂಧುಗಳೇ, ನಿಮ್ಮ ಸೊಸೈಟಿಯ ಮುಂದಿನ ಮೀಟಿಂಗಿನಲ್ಲಿ ಪಾರ್ಕಿಂಗ್ ಜಗಳದ ಜೊತೆ ಇದನ್ನೂ ಒಂದು ವಿಷಯವಾಗಿ ಹಾಕಿಸಿ. ಮರಾಠಿ ನೆರೆಮನೆಯವರನ್ನು ಜೊತೆಗೆ ಕರೆದುಕೊಳ್ಳಿ, ಅವರಿಗೆ ಈ ದಾರಿ ನಮಗಿಂತ ಚೆನ್ನಾಗಿ ಗೊತ್ತು. ಮರಾಠಿಯಲ್ಲಿ ಬರೆಯಲು ಬಾರದಿದ್ದರೆ ಕನ್ನಡದಲ್ಲೇ ಬರೆದಿಡಿ. ಅದನ್ನು ಮರಾಠಿಗೆ ಮಾಡಿಕೊಡುವ ಕೆಲಸ ನಾನು ಮಾಡುತ್ತೇನೆ, ನಮ್ಮಲ್ಲಿ ಇನ್ನೂ ಹಲವರು ಮಾಡಬಲ್ಲರು. ಅರ್ಜಿಗೆ ಪ್ರತಿಯೊಬ್ಬರೂ ಬೇರೆ ಬೇರೆ ಸಹಿ ಹಾಕಿ, ತಲುಪಿದ ಸಿಕ್ಕಾ ಇರುವ ಪ್ರತಿಯನ್ನು ಜೋಪಾನವಾಗಿಡಿ. ವಿಚಾರಣೆಗೆ ಕರೆ ಬಂದ ದಿನ ರಜೆ ಹಾಕಿಯಾದರೂ ಹೋಗಿ.

ಇಂತಿ,
ಧಾಯರಿಯ ಒಬ್ಬ ನಿವಾಸಿ